ಸಾಬೂನಿನ ಪೆಟ್ಟಿಗೆಯೂ ಅದನ್ನು ತುಂಬುವ ಯಂತ್ರವೂ

ಮನೆಗೆ ಹೊಸ ಸಾಬೂನು ತಂದಾಗ ನಾವು ಮೊದಲು ಮಾಡುವ ಕೆಲಸವೆಂದರೆ ಅದರ ರಟ್ಟಿನ ಪೆಟ್ಟಿಗೆಯನ್ನು ಹರಿದು ಎಸೆಯುವುದು. ಈ ಸಲ ಹಾಗೆ ಮಾಡದೆ, ಉದ್ದಕ್ಕೂ ಅಂಟಿಸಿರುವ ಬದಿಯನ್ನು ಉಗುರಿನಿಂದ ಮೆಲ್ಲನೆ ಬಿಡಿಸಿ, ಪೆಟ್ಟಿಗೆಯನ್ನು ಮೇಜಿನ ಮೇಲೆ ಹರಡಿ ನೋಡಿರಿ. ಅದು ಒಂದೇ ತುಂಡು ರಟ್ಟು. ಅದರಲ್ಲಿ ನಾಲ್ಕು ಮೈಗಳು, ಅಂಟು ಸವರುವುದಕ್ಕಾಗಿ ಬಿಟ್ಟ ಒಂದು ಕಿರಿದಾದ ಪಟ್ಟಿ, ಎರಡು ತುದಿಗಳಲ್ಲಿಯೂ ಮೂರು ಅಥವಾ ನಾಲ್ಕು ಕಿವಿಗಳು ಇರುತ್ತವೆ. ಮೈಗೂ ಮೈಗೂ ನಡುವೆ ಇರುವ ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರೆ, ಅಲ್ಲಿ ರಟ್ಟನ್ನು ಕತ್ತರಿಸದೆ ಕೇವಲ ಅದುಮಿರುವುದು ತಿಳಿಯುತ್ತದೆ. ಈ ಮಡಿಕೆಗೆರೆಗಳಿರುವುದರಿಂದಲೇ ರಟ್ಟು ತನಗೆ ತೋರಿದಂತೆ ಬಾಗದೆ ನಾವು ಹೇಳಿದ ಕಡೆಯಲ್ಲಿ ಬಾಗುತ್ತದೆ.

ಈ ಪೆಟ್ಟಿಗೆಯ ಹುಟ್ಟು ಒಂದು ಅಚಾತುರ್ಯದಿಂದ ಆದದ್ದು. ೧೮೭೯ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನಲ್ಲಿ ರಾಬರ್ಟ್ ಗೇರ್ ಎಂಬ ಮುದ್ರಕನ ಕಾರ್ಖಾನೆಯಲ್ಲಿ ಬೀಜದ ಕಾಗದಚೀಲಗಳನ್ನು ಅಚ್ಚು ಮಾಡುತ್ತಿದ್ದರು. ಚೀಲಗಳ ಮೇಲೆ ಮಡಿಕೆ ಮೂಡಿಸಬೇಕಾಗಿದ್ದ ಲೋಹದ ಪಟ್ಟಿಯೊಂದು ತನ್ನ ಸ್ಥಾನದಿಂದ ಜರುಗಿ, ಚೀಲಗಳನ್ನು ಮಡಿಸುವ ಬದಲು ಕತ್ತರಿಸಿಬಿಟ್ಟಿತು. ಇನ್ನೊಬ್ಬನಾಗಿದ್ದರೆ ಕೆಲಸದವನನ್ನು ಬೈದು ಸುಮ್ಮನಾಗುತ್ತಿದ್ದನೇನೋ. ಗೇರ್ ಹಾಗೆ ಮಾಡಲಿಲ್ಲ. ಕೆಲವು ಪಟ್ಟಿಗಳು ಹರಿತವಾಗಿ ತುಸು ಎತ್ತರವಾಗಿಯೂ, ಕೆಲವು ಮೊಂಡಾಗಿ ತುಸು ತಗ್ಗಾಗಿಯೂ ಇದ್ದರೆ, ಒಂದೇ ಏಟಿಗೆ ಕತ್ತರಿಸುವುದೂ ಮಡಿಕೆ ಮೂಡಿಸುವುದೂ ಎರಡೂ ಆಗಬಹುದೆಂದು ಅವನಿಗೆ ಹೊಳೆಯಿತು. ಅಲ್ಲಿಂದ ಮುಂದೆ ಪೆಟ್ಟಿಗೆಗಳನ್ನು ಚಪ್ಪಟೆಯಾಗಿಯೇ ಸಾವಿರಗಟ್ಟಲೆ ತಯಾರಿಸಿ, ಚಪ್ಪಟೆಯಾಗಿಯೇ ಸಾಗಿಸಿ, ಬೇಕಾದ ಕಡೆ ನಿಲ್ಲಿಸುವುದು ಸಾಧ್ಯವಾಯಿತು. ೧೮೯೮ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬಿಸ್ಕೆಟ್ ಕಂಪನಿಯು ಮೇಣಗಾಗದದ ಒಳಪದರವಿದ್ದ ಇಂತಹ ಪೆಟ್ಟಿಗೆಯಲ್ಲಿ ತನ್ನ ಬಿಸ್ಕತ್ತುಗಳನ್ನಿಟ್ಟು ಮಾರಿದ ಮೇಲೆ, ಅಂಗಡಿಯವನು ಪೀಪಾಯಿಯಿಂದ ಬಿಸ್ಕತ್ತು ತೆಗೆದು ತೂಗಿಕೊಡುವ ಪದ್ಧತಿ ಮೆಲ್ಲಮೆಲ್ಲನೆ ಹಿಂದಾಯಿತು. ನಮ್ಮ ಮೈಸೂರು ಸ್ಯಾಂಡಲ್ ಸಾಬೂನು ಒಂದು ಶತಮಾನಕ್ಕೂ ಮಿಕ್ಕು ನಮ್ಮ ಮನೆಗಳಿಗೆ ಬರುತ್ತಿದೆ. ಅದನ್ನು ನೆನೆದಾಗ ಪರಿಮಳದ ಜೊತೆಗೆ ಅದರ ಪೆಟ್ಟಿಗೆಯ ಚಿತ್ರವೂ ಕಣ್ಣ ಮುಂದೆ ನಿಲ್ಲುತ್ತದಲ್ಲವೆ?

ಕಾರ್ಖಾನೆಗಳಲ್ಲಿ ಈ ಪೆಟ್ಟಿಗೆಯನ್ನು ಕಾರ್ಟನ್ ಎಂದೂ, ಅದನ್ನು ಬಿಡಿಸಿ ನಿಲ್ಲಿಸಿ, ಸರಕು ತುಂಬಿ, ಮುಚ್ಚುವ ಯಂತ್ರವನ್ನು ಕಾರ್ಟನಿಂಗ್ ಯಂತ್ರ ಎಂದೂ ಕರೆಯುತ್ತಾರೆ. ದಿನಕ್ಕೆ ೪೦,೦೦೦ ಸಾಬೂನುಗಳನ್ನು ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆ ಬೆಂಗಳೂರಿನ ಬಳಿ ಇದೆ ಎಂದು ಭಾವಿಸೋಣ. ಅಲ್ಲಿ ಇದುವರೆಗೆ ಕೈಯಿಂದಲೇ ಪೆಟ್ಟಿಗೆ ತುಂಬುತ್ತಿದ್ದರು. ಒಬ್ಬರು ನಿಮಿಷಕ್ಕೆ ಆರರಂತೆ ಏಳು ಗಂಟೆ ತುಂಬಿದರೆ ೨,೫೨೦ ಸಾಬೂನುಗಳಾಗುತ್ತವೆ; ೪೦,೦೦೦ಕ್ಕೆ ಹದಿನಾರು ಜನ ಬೇಕು. ಈಗ ಮಾಲೀಕರು ಯಂತ್ರ ಕೊಳ್ಳಲು ಹೊರಟಿದ್ದಾರೆ. ಅವರ ಮೇಜಿನ ಮೇಲೆ ಎರಡು ಪಟ್ಟಿಗಳಿವೆ: ಒಂದರಲ್ಲಿ ನಿಮಿಷಕ್ಕೆ ೭೫ ಪೆಟ್ಟಿಗೆ ತುಂಬುವ ಯಂತ್ರ, ಇನ್ನೊಂದರಲ್ಲಿ ನಿಮಿಷಕ್ಕೆ ೩೦೦ ತುಂಬುವ ಯಂತ್ರ. ಯಾವುದನ್ನು ಕೊಳ್ಳಬೇಕು? ಹಣವಿದ್ದರೆ ಎರಡನೆಯದನ್ನೇ ಎಂದು ಯಾರಾದರೂ ಹೇಳಿಯಾರು. ಆ ಉತ್ತರ ಸರಿಯೇ ಎಂಬುದನ್ನು ತಿಳಿಯಬೇಕಾದರೆ ಮೊದಲು ಯಂತ್ರದ ಒಳಗನ್ನು ನೋಡಬೇಕು.

ಚಪ್ಪಟೆಯಾದ ಪೆಟ್ಟಿಗೆಗಳನ್ನು ಒಂದರ ಪಕ್ಕದಲ್ಲೊಂದು ಒತ್ತಾಗಿ ನಿಲ್ಲಿಸುವ ಗೂಡಿಗೆ ಮ್ಯಾಗಜೀನ್ ಎಂದು ಹೆಸರು. (ಮಾಸಪತ್ರಿಕೆಗೂ ಬಂದೂಕಿನ ತೋಟಾಗೂಡಿಗೂ ಅದೇ ಹೆಸರು, ಮೂಲದಲ್ಲಿ ಅದು ಉಗ್ರಾಣ ಎಂಬರ್ಥದ ಅರಬ್ಬೀ ಮಾತು.) ಈ ಗೂಡಿನ ಬಾಯಲ್ಲಿರುವ ಪೆಟ್ಟಿಗೆಯನ್ನು ರಬ್ಬರಿನ ಎರಡು ಬಟ್ಟಲುಗಳು ಬಂದು ಮುಟ್ಟುತ್ತವೆ. ಅವುಗಳ ಒಳಗಿನ ಗಾಳಿಯನ್ನು ಪಂಪು ಹೊರಕ್ಕೆ ಸೆಳೆಯುತ್ತದೆ. ಬಟ್ಟಲು ಪೆಟ್ಟಿಗೆಯನ್ನು ಹೀರುತ್ತದೆ ಎಂದು ಹೇಳುವುದು ರೂಢಿಯಾದರೂ, ನಿಜವಾಗಿ ಪೆಟ್ಟಿಗೆಯನ್ನು ಬಟ್ಟಲಿಗೆ ಒತ್ತಿ ಹಿಡಿಯುವುದು ಹೊರಗಿನ ವಾಯುಮಂಡಲವೇ. ಬಟ್ಟಲಿನ ವ್ಯಾಸ ೩೦ ಮಿಲಿಮೀಟರ್ ಆದರೆ ಅದರ ವಿಸ್ತೀರ್ಣ ಸುಮಾರು ೭ ಚದರ ಸೆಂಟಿಮೀಟರ್. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ವಾಯುವಿನ ಒತ್ತಡ ೧.೦೩ ಕಿಲೋಗ್ರಾಂ ತೂಕದಷ್ಟು. ಪಂಪು ಒಳಗಿನ ಒತ್ತಡದಲ್ಲಿ ನೂರಕ್ಕೆ ೬೦ ಭಾಗವನ್ನು ತೆಗೆದರೆ, ಒಂದು ಬಟ್ಟಲಿಗೆ ಸುಮಾರು ೪.೩ ಕಿಲೋಗ್ರಾಂ ಬಲ ದೊರೆಯುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ೯೦೦ ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿ ವಾಯುವಿನ ಒತ್ತಡ ಹತ್ತರಲ್ಲಿ ಒಂದು ಭಾಗದಷ್ಟು ಕಡಮೆ. ಅದೇ ಬಟ್ಟಲಿಗೆ ಇಲ್ಲಿ ಸಿಗುವುದು ೩.೯ ಕಿಲೋಗ್ರಾಂ ಮಾತ್ರ. ಕಡಲತೀರದ ಊರಿನಲ್ಲಿ ಪರೀಕ್ಷೆ ಮಾಡಿ ಕಳುಹಿಸಿದ ಯಂತ್ರ ಇಲ್ಲಿಗೆ ಬಂದ ಮೇಲೆ ತುಸು ದುರ್ಬಲವಾಗಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಕೆಲವೇ ಗ್ರಾಂ ತೂಗುವ ಪೆಟ್ಟಿಗೆಗೆ ಇಷ್ಟು ಬಲವೇಕೆ ಎಂದು ಕೇಳಬಹುದು. ಎತ್ತುವುದಕ್ಕೆ ಅಷ್ಟು ಬೇಡ, ಬಿಡಿಸುವುದಕ್ಕೆ ಬೇಕು. ತಿಂಗಳುಗಟ್ಟಲೆ ಚಪ್ಪಟೆಯಾಗಿ ಮಲಗಿದ್ದ ರಟ್ಟು ಎದ್ದು ಚೌಕವಾಗಿ ನಿಲ್ಲಲು ಒಪ್ಪುವುದಿಲ್ಲ. ಮಡಿಕೆಗೆರೆಗಳು ಎದುರು ಒತ್ತುತ್ತವೆ. ರಟ್ಟಿನ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿ ಒಳಕ್ಕೆ ನುಸುಳಿ ಬಟ್ಟಲಿನ ಹಿಡಿತ ಸಡಿಲವಾಗುತ್ತದೆ. ಇಷ್ಟೆಲ್ಲ ನಡೆಯುವುದು ಒಂದು ಸೆಕೆಂಡಿಗಿಂತ ಕಡಮೆ ಕಾಲದಲ್ಲಿ. ಯಂತ್ರದ ಬಹುಪಾಲು ಅಡಚಣೆಗಳು ಹುಟ್ಟುವುದು ಈ ಮೂಲೆಯಲ್ಲಿಯೇ.

ಇನ್ನೊಂದು ತೊಡಕುಂಟು. ಬಟ್ಟಲು ಪೆಟ್ಟಿಗೆಯನ್ನು ಹಿಡಿಯುವ ಗಳಿಗೆಯಲ್ಲಿ ಅಲುಗದೆ ನಿಂತಿರಬೇಕು; ಆದರೆ ಯಂತ್ರ ವೇಗವಾಗಿ ನಡೆಯಬೇಕಾದರೆ ಅದು ನಿಲ್ಲಬಾರದು. ಈ ವಿರೋಧವನ್ನು ಬಿಡಿಸಿದ್ದು ರೇಖಾಗಣಿತ. ರಸ್ತೆಯ ಮೇಲೆ ಉರುಳುವ ಬೈಸಿಕಲ್ ಗಾಲಿಯ ಅಂಚಿಗೆ ಸುಣ್ಣದ ಬೊಟ್ಟೊಂದನ್ನಿಟ್ಟರೆ, ಆ ಬೊಟ್ಟು ನೆಲವನ್ನು ಮುಟ್ಟುವ ಕ್ಷಣದಲ್ಲಿ ಅದರ ವೇಗ ಸೊನ್ನೆ. ಗಾಲಿ ಮಾತ್ರ ನಿಂತಿರುವುದಿಲ್ಲ. ಈಗ ಚಿಕ್ಕ ಗಾಲಿಯೊಂದು ತನಗಿಂತ ಮೂರರಷ್ಟು ವ್ಯಾಸದ ಬಳೆಯ ಒಳಮೈಯಲ್ಲಿ ಉರುಳುತ್ತಿದೆ ಎಂದುಕೊಳ್ಳಿರಿ. ಅದರ ಅಂಚಿನ ಬೊಟ್ಟು ಮೂರು ಮೊನೆಗಳುಳ್ಳ ಒಂದು ಸುಂದರವಾದ ವಕ್ರರೇಖೆಯನ್ನು ಬರೆಯುತ್ತದೆ; ಪ್ರತಿಯೊಂದು ಮೊನೆಯಲ್ಲಿಯೂ ಅದು ಕ್ಷಣಕಾಲ ನಿಂತು ಹಿಂತಿರುಗುತ್ತದೆ. ಬಟ್ಟಲನ್ನು ಆ ಬೊಟ್ಟಿನ ಸ್ಥಾನದಲ್ಲಿ ಕೂರಿಸಿದರೆ, ಒಂದು ಮೊನೆಯಲ್ಲಿ ಗೂಡಿನಿಂದ ಪೆಟ್ಟಿಗೆಯನ್ನು ಹಿಡಿದು, ಮುಂದಿನದರಲ್ಲಿ ಅದನ್ನು ಬಿಡಿಸಿ, ಮೂರನೆಯದರಲ್ಲಿ ಸರಪಳಿಗೆ ಒಪ್ಪಿಸಬಹುದು. ಯಂತ್ರದ ದಂಡ ಮಾತ್ರ ಸಮವೇಗದಲ್ಲಿ ಸುತ್ತುತ್ತಲೇ ಇರುತ್ತದೆ. ಕಾಲೇಜಿನಲ್ಲಿ ಹೈಪೊಸೈಕ್ಲಾಯಿಡ್ ಎಂಬ ಹೆಸರನ್ನು ಕೇಳಿ ಇದರಿಂದ ಯಾರಿಗೇನು ಪ್ರಯೋಜನವೆಂದು ಆಕಳಿಸಿದವರು ಒಮ್ಮೆ ಇಂತಹ ಯಂತ್ರದ ಮುಂದೆ ನಿಂತು ನೋಡಬೇಕು.

ಸರಪಳಿಯ ಮೇಲೆ ಎರಡು ಗೂಟಗಳ ನಡುವೆ ಚೌಕವಾಗಿ ನಿಂತ ಪೆಟ್ಟಿಗೆ ಮುಂದಕ್ಕೆ ಸಾಗುತ್ತದೆ. ಅದರ ಪಕ್ಕದಲ್ಲಿಯೇ ತೊಟ್ಟಿಲಿನಂತಹ ಅಂಕಣದಲ್ಲಿ ಸಾಬೂನೂ ಸಾಗಿ ಬರುತ್ತದೆ. ಒಂದು ದೂಡುಗೋಲು ಸಾಬೂನನ್ನು ಪೆಟ್ಟಿಗೆಯೊಳಕ್ಕೆ ನೂಕುತ್ತದೆ. ಬಳಿಕ ಕಿವಿಗಳನ್ನು ಮಡಿಸಬೇಕು. ಮುಂದಿನ ಕಿವಿಯನ್ನು ಮಡಿಸುವುದು ಸುಲಭ: ದಾರಿಯಲ್ಲಿ ಒಂದು ಕಂಬಿಯನ್ನು ನಿಲ್ಲಿಸಿದರೆ ಸಾಕು, ಪೆಟ್ಟಿಗೆ ಸಾಗುವಾಗ ಕಿವಿ ತಾನಾಗಿಯೇ ಅದಕ್ಕೆ ತಗುಲಿ ಹಿಂದಕ್ಕೆ ಬಾಗುತ್ತದೆ. ಹಿಂದಿನ ಕಿವಿಯನ್ನು ನಿಂತ ಕಂಬಿ ಮಡಿಸಲಾರದು. ಅದು ಮುಂದಕ್ಕೆ ಬಾಗಬೇಕಾದ್ದರಿಂದ, ಪೆಟ್ಟಿಗೆಗಿಂತ ಹೆಚ್ಚು ವೇಗವಾಗಿ ಓಡಿಬಂದು ಹಿಂದಿನಿಂದ ತಟ್ಟುವ ಕೈಯೊಂದು ಬೇಕು. ಆದ್ದರಿಂದ ಅಲ್ಲಿ ತಿರುಗುವ ಬೆರಳೊಂದನ್ನು ಇಟ್ಟಿರುತ್ತಾರೆ. ಸಾಪೇಕ್ಷ ವೇಗದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ತಿಳಿಯದು.

ಒಳ್ಳೆಯ ಯಂತ್ರಕ್ಕೆ ಎರಡು ವಿವೇಕಗಳೂ ಇರಬೇಕು. ಸಾಬೂನು ಬಾರದಿದ್ದರೆ ಅದು ಪೆಟ್ಟಿಗೆಯನ್ನು ಎತ್ತಬಾರದು. ಪೆಟ್ಟಿಗೆ ಸರಿಯಾಗಿ ತೆರೆದುಕೊಳ್ಳದಿದ್ದರೆ ದೂಡುಗೋಲು ನೂಕಬಾರದು, ನೂಕಿ ಎಡವಿದರೆ ಮುರಿಯುವ ಮೊದಲೇ ನಿಲ್ಲಬೇಕು.

ಯಂತ್ರಗಳಲ್ಲಿ ಅನೇಕ ಜಾತಿಗಳಿವೆ. ನಿಂತ ಪೆಟ್ಟಿಗೆಗೆ ಮೇಲಿನಿಂದ ತುಂಬುವವು ಒಂದು ಬಗೆ. ಪುಡಿ, ಕಾಳು, ಸೀಸೆ ಮೊದಲಾದವುಗಳಿಗೆ ಅವು ಹೊಂದುತ್ತವೆ. ಮಲಗಿದ ಪೆಟ್ಟಿಗೆಗೆ ಪಕ್ಕದಿಂದ ತುಂಬುವವು ಇನ್ನೊಂದು. ಸಾಬೂನು, ದಂತಮಂಜನದ ಕೊಳವೆ, ಮಾತ್ರೆಯ ಪಟ್ಟಿಗಳಿಗೆ ಇವೇ ತಕ್ಕವು. ಇಷ್ಟು ಆಯ್ಕೆ ಸರಕಿನ ಆಕಾರದಿಂದಲೇ ತೀರ್ಮಾನವಾಗಿಬಿಡುತ್ತದೆ. ನಿಜವಾಗಿ ಯೋಚಿಸಬೇಕಾದದ್ದು ಯಂತ್ರದ ನಡಿಗೆಯ ಬಗ್ಗೆ. ಕೆಲವು ಯಂತ್ರಗಳಲ್ಲಿ ಸರಪಳಿ ಒಂದು ಹೆಜ್ಜೆ ಇಟ್ಟು ನಿಲ್ಲುತ್ತದೆ, ತುಂಬಿದ ಮೇಲೆ ಮತ್ತೊಂದು ಹೆಜ್ಜೆ ಇಡುತ್ತದೆ. ಇನ್ನು ಕೆಲವುಗಳಲ್ಲಿ ಅದು ನಿಲ್ಲದೆ ಹರಿಯುತ್ತದೆ, ದೂಡುಗೋಲುಗಳೂ ಅದರೊಡನೆಯೇ ಸಾಗುತ್ತ ಕೆಲಸ ಮಾಡುತ್ತವೆ. ಮೊದಲನೆಯ ಬಗೆಯ ರಚನೆ ಸರಳ, ಬೆಲೆ ಕಡಮೆ, ರಿಪೇರಿ ಸುಲಭ. ಆದರೆ ಅದಕ್ಕೊಂದು ಮಿತಿ ಇದೆ.

ಹೆಜ್ಜೆಯ ಉದ್ದ ೧೫೦ ಮಿಲಿಮೀಟರ್ ಇರಲಿ. ನಿಮಿಷಕ್ಕೆ ೬೦ ಪೆಟ್ಟಿಗೆಯಾದರೆ ಒಂದು ಹೆಜ್ಜೆಗೆ ಒಂದು ಸೆಕೆಂಡು. ಅದರಲ್ಲಿ ಅರ್ಧ ಸೆಕೆಂಡು ಚಲನೆ, ಅರ್ಧ ಸೆಕೆಂಡು ನಿಲುಗಡೆ. ಚಲನೆಯ ಮೊದಲರ್ಧದಲ್ಲಿ, ಎಂದರೆ ಕಾಲು ಸೆಕೆಂಡಿನಲ್ಲಿ, ೭೫ ಮಿಲಿಮೀಟರ್ ದೂರ ವೇಗವನ್ನು ಹೆಚ್ಚಿಸಿಕೊಳ್ಳುತ್ತ, ಉಳಿದರ್ಧದಲ್ಲಿ ತಗ್ಗಿಸಿಕೊಳ್ಳುತ್ತ ಹೋಗಬೇಕು. ದೂರವನ್ನು ಎರಡರಿಂದ ಗುಣಿಸಿ ಕಾಲದ ವರ್ಗದಿಂದ ಭಾಗಿಸಿದರೆ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ೨.೪ ಮೀಟರ್. ಇದು ಗುರುತ್ವದ ಕಾಲು ಭಾಗದಷ್ಟು. ವೇಗವನ್ನು ಇಮ್ಮಡಿ ಮಾಡಿ ೧೨೦ಕ್ಕೆ ಏರಿಸಿದರೆ ವೇಗೋತ್ಕರ್ಷ ನಾಲ್ಮಡಿಯಾಗಿ ೯.೬ ಆಗುತ್ತದೆ, ಎಂದರೆ ಹೆಚ್ಚುಕಡಮೆ ಗುರುತ್ವದಷ್ಟೇ. ೧೮೦ಕ್ಕೆ ಏರಿಸಿದರೆ ೨೧.೬, ಗುರುತ್ವದ ಎರಡರಷ್ಟನ್ನೂ ಮೀರುತ್ತದೆ. ಇದು ಲೆಕ್ಕದಲ್ಲಿ ಬರಬಹುದಾದ ಕನಿಷ್ಠ ಬೆಲೆ; ಬಳಕೆಯ ಕ್ಯಾಮುಗಳಲ್ಲಿ ಚಲನೆಯನ್ನು ಮೃದುಗೊಳಿಸುವುದಕ್ಕಾಗಿ ಗರಿಷ್ಠ ವೇಗೋತ್ಕರ್ಷ ಇನ್ನೂ ಹೆಚ್ಚಾಗಿರುತ್ತದೆ. ನಿಲ್ಲದೆ ಹರಿಯುವ ಯಂತ್ರದಲ್ಲಿ ನಿಮಿಷಕ್ಕೆ ೧೮೦ ಪೆಟ್ಟಿಗೆಯಾದರೂ ಸರಪಳಿಯ ವೇಗ ಸೆಕೆಂಡಿಗೆ ೪೫ ಸೆಂಟಿಮೀಟರ್ ಮಾತ್ರ; ನಾವು ನಿಧಾನವಾಗಿ ನಡೆಯುವುದಕ್ಕಿಂತಲೂ ಕಡಮೆ, ಮತ್ತು ಅಲ್ಲಿ ಕುಲುಕಾಟವಿಲ್ಲ.

ಸರಕು ಸಾಬೂನಾದರೆ ಈ ಕುಲುಕಾಟವನ್ನು ಸಹಿಸಿಕೊಳ್ಳುತ್ತದೆ; ಮಲಗಿರುವ ಸಾಬೂನು ಪೆಟ್ಟಿಗೆಯ ಗೋಡೆಗೆ ಮೆಲ್ಲನೆ ತಾಗುವುದಷ್ಟೆ. ನಿಂತಿರುವ ಸೀಸೆಯ ವಿಷಯ ಬೇರೆ. ೪ ಸೆಂಟಿಮೀಟರ್ ಅಗಲ, ೧೨ ಸೆಂಟಿಮೀಟರ್ ಎತ್ತರ ಇರುವ ಸೀಸೆಯ ಗುರುತ್ವಕೇಂದ್ರ ಅರ್ಧ ಎತ್ತರದಲ್ಲಿದ್ದರೆ, ವೇಗೋತ್ಕರ್ಷ ಗುರುತ್ವದ ಮೂರನೆಯ ಒಂದು ಭಾಗವನ್ನು, ಎಂದರೆ ೩.೩ನ್ನು ಮುಟ್ಟಿದೊಡನೆ ಅದು ಉರುಳಲು ಸಿದ್ಧವಾಗುತ್ತದೆ. ಹಾಗಾದರೆ ನಿಮಿಷಕ್ಕೆ ೬೦ರಲ್ಲಿ ನಿಂತಿದ್ದ ಸೀಸೆ ೭೫ರಲ್ಲಿ ಆಸರೆಯಿಲ್ಲದೆ ನಿಲ್ಲಲಾರದು. ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು.

ಈಗ ನಮ್ಮ ಕಾರ್ಖಾನೆಗೆ ಮರಳೋಣ. ಅಲ್ಲಿ ದಿನಕ್ಕೆ ಎರಡು ಪಾಳಿ. ಊಟ, ಶುಚಿ, ಅಳತೆ ಬದಲಾವಣೆ ಎಲ್ಲ ಕಳೆದು ಪಾಳಿಗೆ ಏಳು ಗಂಟೆಯಂತೆ ಒಟ್ಟು ೮೪೦ ನಿಮಿಷ. ೪೦,೦೦೦ವನ್ನು ಇದರಿಂದ ಭಾಗಿಸಿದರೆ ನಿಮಿಷಕ್ಕೆ ೪೮ಕ್ಕೂ ಕಡಮೆ. ಆದರೆ ಯಾವ ಯಂತ್ರವೂ ಇಡೀ ಹೊತ್ತು ನಡೆಯುವುದಿಲ್ಲ, ನಡೆದಾಗಲೂ ಪೂರ್ಣವೇಗದಲ್ಲಿರುವುದಿಲ್ಲ, ಮಾಡಿದ್ದೆಲ್ಲ ಸರಿಯಾಗಿರುವುದೂ ಇಲ್ಲ. ಈ ಮೂರು ಕೊರತೆಗಳನ್ನು ಕ್ರಮವಾಗಿ ೦.೯೦, ೦.೯೫, ೦.೯೯ ಎಂದಿಟ್ಟು ಗುಣಿಸಿದರೆ ೦.೮೫ರಷ್ಟು ಬರುತ್ತದೆ. ಇನ್ನೂ ಸ್ವಲ್ಪ ಎಚ್ಚರಿಕೆಯಿಂದ ೦.೮ ಎಂದೇ ಹಿಡಿಯೋಣ. ಆಗ ಸಾಲಿಗೆ ಬೇಕಾದ ವೇಗ ನಿಮಿಷಕ್ಕೆ ೬೦. ಸಾಬೂನಿಗೆ ಅಚ್ಚೊತ್ತುವ ಯಂತ್ರವೂ ನಿಮಿಷಕ್ಕೆ ೬೦ನ್ನೇ ಕೊಡುತ್ತದೆ ಎಂದುಕೊಳ್ಳೋಣ.

ಹಾಗಾದರೆ ೬೦ರ ಕಾರ್ಟನಿಂಗ್ ಯಂತ್ರ ಸಾಕೆ? ಸಾಲದು. ಅದು ಎರಡು ನಿಮಿಷ ನಿಂತರೆ ಅದರ ಹಿಂದೆ ೧೨೦ ಸಾಬೂನುಗಳು ಗುಡ್ಡೆಯಾಗುತ್ತವೆ. ಅವುಗಳನ್ನು ಹಿಡಿದಿಡಲು ನಡುವೆ ಒಂದು ಅಗಲವಾದ ಮೇಜು ಬೇಕು. ಮೇಜಿದ್ದರೂ, ಎರಡು ಯಂತ್ರಗಳ ವೇಗವೂ ಒಂದೇ ಆದರೆ ಆ ಗುಡ್ಡೆ ಎಂದೆಂದಿಗೂ ಕರಗುವುದಿಲ್ಲ. ೬೫ರ ಯಂತ್ರವಾದರೆ ಕರಗಲು ೨೪ ನಿಮಿಷ ಬೇಕು, ಅಷ್ಟರೊಳಗೆ ಅದು ಮತ್ತೊಮ್ಮೆ ನಿಲ್ಲದೆ ಇದ್ದೀತೆ? ೭೫ರದಾದರೆ ೮ ನಿಮಿಷ ಸಾಕು. ಹೀಗಾಗಿ ಸಾಲಿನಲ್ಲಿ ಮುಂದೆ ಮುಂದೆ ಹೋದಂತೆ ಯಂತ್ರಗಳು ಸ್ವಲ್ಪ ಸ್ವಲ್ಪ ಚುರುಕಾಗಿರಬೇಕೆಂಬುದು ಅನುಭವಸ್ಥ ಎಂಜಿನಿಯರುಗಳ ನಿಯಮ. ಸ್ವಲ್ಪ ಎಂದರೆ ಸ್ವಲ್ಪವೇ. ೩೦೦ರ ಯಂತ್ರವನ್ನು ತಂದು ಕೂರಿಸಿದರೆ ಅದು ಐದರಲ್ಲಿ ನಾಲ್ಕು ಪಾಲು ಹೊತ್ತು ಸಾಬೂನಿನ ದಾರಿ ಕಾಯುತ್ತ ನಿಂತಿರುತ್ತದೆ, ಇಲ್ಲವೆ ಐದನೆಯ ಒಂದು ವೇಗದಲ್ಲಿ ತೆವಳುತ್ತದೆ. ಕಾರ್ಖಾನೆಯ ಉತ್ಪನ್ನ ಒಂದು ಸಾಬೂನಿನಷ್ಟೂ ಹೆಚ್ಚುವುದಿಲ್ಲ.

ಇನ್ನೊಂದು ಮಾತು. ಎರಡು ಯಂತ್ರಗಳಲ್ಲಿಯೂ ೫೦೦ ಪೆಟ್ಟಿಗೆಗೆ ಒಂದರಂತೆ ಸಿಕ್ಕಿಕೊಂಡು ಯಂತ್ರ ನಿಲ್ಲುತ್ತದೆ, ಬಿಡಿಸಲು ಒಂದು ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ೭೫ರ ಯಂತ್ರ ೪೦೦ ಸೆಕೆಂಡು ನಡೆದು ೬೦ ಸೆಕೆಂಡು ನಿಲ್ಲುತ್ತದೆ. ಗಂಟೆಗೆ ಎಂಟು ಸಲ. ೩೦೦ರದು ಪೂರ್ಣವೇಗದಲ್ಲಿ ೧೦೦ ಸೆಕೆಂಡು ಮಾತ್ರ ನಡೆದು ೬೦ ಸೆಕೆಂಡು ನಿಲ್ಲುತ್ತದೆ. ಗಂಟೆಗೆ ಇಪ್ಪತ್ತೆರಡು ಸಲಕ್ಕೂ ಹೆಚ್ಚು. ವೇಗ ಹೆಚ್ಚಿದಷ್ಟೂ ಅದೇ ತಪ್ಪಿಗೆ ತೆರಬೇಕಾದ ದಂಡ ಹೆಚ್ಚುತ್ತದೆ. ಆದುದರಿಂದ ನಿಮಿಷಕ್ಕೆ ಎಷ್ಟು ಎಂಬ ಪ್ರಶ್ನೆಗಿಂತ, ಎಷ್ಟು ಸಾವಿರಕ್ಕೆ ಒಮ್ಮೆ ನಿಲ್ಲುತ್ತದೆ ಎಂಬ ಪ್ರಶ್ನೆಯೇ ಕೊಳ್ಳುವವನಿಗೆ ಮುಖ್ಯ. ಮಾರಾಟದ ಪಟ್ಟಿಗಳಲ್ಲಿ ಮೊದಲಿನ ಅಂಕಿ ದಪ್ಪಕ್ಷರದಲ್ಲಿರುತ್ತದೆ. ಎರಡನೆಯದನ್ನು ಬಾಯಿಬಿಟ್ಟು ಕೇಳಬೇಕು.

ಪೆಟ್ಟಿಗೆ ಸಿಕ್ಕಿಕೊಳ್ಳುವುದಕ್ಕೆ ಯಂತ್ರವೇ ಕಾರಣವಾಗಿರಬೇಕೆಂದೇನೂ ಇಲ್ಲ. ಈ ಲೇಖಕನು ಕಂಡ ಒಂದು ಕಾರ್ಖಾನೆಯಲ್ಲಿ, ಫೆಬ್ರವರಿಯಲ್ಲಿ ನಿರಾತಂಕವಾಗಿ ನಡೆಯುತ್ತಿದ್ದ ಯಂತ್ರ ಜುಲೈ ತಿಂಗಳಲ್ಲಿ ಹೆಜ್ಜೆಹೆಜ್ಜೆಗೂ ಮುಗ್ಗರಿಸತೊಡಗಿತು. ಫಿಟ್ಟರುಗಳು ಪಂಪನ್ನು ಬಿಚ್ಚಿದರು, ಬಟ್ಟಲುಗಳನ್ನು ಬದಲಿಸಿದರು, ಯಂತ್ರ ಮಾರಿದವರಿಗೆ ಕೋಪದಿಂದ ಪತ್ರ ಬರೆದರು. ಕೊನೆಗೆ ಉಗ್ರಾಣಕ್ಕೆ ಹೋಗಿ ನೋಡಿದರೆ, ಪೆಟ್ಟಿಗೆಯ ಕಟ್ಟುಗಳನ್ನು ಮಳೆ ಬಡಿಯುವ ಗೋಡೆಗೆ ಒರಗಿಸಿ ಬರಿಯ ನೆಲದ ಮೇಲೆ ಪೇರಿಸಿಟ್ಟಿದ್ದರು. ರಟ್ಟು ಗಾಳಿಯ ತೇವವನ್ನು ಕುಡಿದು ಬಿಲ್ಲಿನಂತೆ ಬಾಗಿತ್ತು.

ರಟ್ಟು ಹೀಗೇಕೆ ಬಾಗುತ್ತದೆ? ಅದು ಮರದ ನಾರುಗಳಿಂದ ಆದದ್ದು. ತಯಾರಿಕೆಯಲ್ಲಿ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಮಲಗುತ್ತವೆ. ತೇವ ತಗುಲಿದಾಗ ನಾರು ಉದ್ದಕ್ಕೆ ಬೆಳೆಯುವುದು ಅತ್ಯಲ್ಪ, ಅಡ್ಡಲಾಗಿ ಉಬ್ಬುವುದು ಅದರ ಹಲವು ಪಟ್ಟು. ಒಂದು ಪೋಸ್ಟ್ ಕಾರ್ಡಿನ ಒಂದು ಮಗ್ಗುಲಿಗೆ ಮಾತ್ರ ಒದ್ದೆ ಬಟ್ಟೆ ಸವರಿ ನೋಡಿರಿ, ಅದು ಸುರುಳಿಯಾಗುತ್ತದೆ. ಆ ಸುರುಳಿಯ ಅಕ್ಷವೇ ನಾರಿನ ದಿಕ್ಕು. ಪೆಟ್ಟಿಗೆ ತಯಾರಿಸುವವರು ಸಾಮಾನ್ಯವಾಗಿ ನಾರು ಪೆಟ್ಟಿಗೆಯ ಸುತ್ತ ಹೋಗುವಂತೆ, ಉದ್ದನೆಯ ಮಡಿಕೆಗಳಿಗೆ ಅಡ್ಡವಾಗಿರುವಂತೆ ನೋಡಿಕೊಳ್ಳುತ್ತಾರೆ. ಗೋಡೆಗಳು ಉಬ್ಬದೆ ನೆಟ್ಟಗಿರಲೆಂಬುದೇ ಉದ್ದೇಶ. ಉಳಿತಾಯಕ್ಕಾಗಿ ಹಾಳೆಯನ್ನು ತಿರುಗಿಸಿ ಕತ್ತರಿಸಿದ ಪೆಟ್ಟಿಗೆ ಕಣ್ಣಿಗೆ ಹಾಗೆಯೇ ಕಾಣುತ್ತದೆ, ಕೈಯಿಂದ ತುಂಬುವವರಿಗೂ ತೊಂದರೆ ಕೊಡುವುದಿಲ್ಲ. ಯಂತ್ರ ಅದನ್ನು ಕೂಡಲೇ ಪತ್ತೆಮಾಡುತ್ತದೆ. ಕೈಗೆ ಕಣ್ಣಿದೆ, ಸೊಟ್ಟಗಿದ್ದರೆ ನೆಟ್ಟಗೆ ಮಾಡಿಕೊಳ್ಳುತ್ತದೆ; ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಯಂತ್ರ ತರುವ ಕಾರ್ಖಾನೆ ಪೆಟ್ಟಿಗೆಯ ಗುಣಕ್ಕೂ ಉಗ್ರಾಣಕ್ಕೂ ಹೆಚ್ಚು ಹಣ ತೆಗೆದಿಡಲೇಬೇಕು.

ಮುಚ್ಚುವ ಬಗೆಯನ್ನೂ ಮೊದಲೇ ನಿಶ್ಚಯಿಸಬೇಕು. ಕಿವಿಯ ನಾಲಗೆಯನ್ನು ಒಳಕ್ಕೆ ಸಿಕ್ಕಿಸುವುದು ಒಂದು ಕ್ರಮ; ಕಾದು ಕರಗಿದ ಅಂಟನ್ನು ಸಿಡಿಸಿ ಒತ್ತುವುದು ಇನ್ನೊಂದು. ಈ ಅಂಟು ೧೫೦ ಡಿಗ್ರಿ ಸೆಂಟಿಗ್ರೇಡಿಗೂ ಹೆಚ್ಚು ಶಾಖದಲ್ಲಿ ದ್ರವವಾಗಿದ್ದು, ತಣ್ಣನೆಯ ರಟ್ಟನ್ನು ಮುಟ್ಟಿದೊಡನೆ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಪುಡಿ ಸೋರಬಾರದೆಂದಿದ್ದರೆ ಅಂಟೇ ಬೇಕು. ಸಾಬೂನಿಗೆ ಎರಡೂ ನಡೆಯುತ್ತವೆ. ಆದರೆ ಅಂಟಿನ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಯಾರಾದರೂ ತೆರೆದು ಮೂಸಿ ನೋಡಿದರೆ ಗುರುತು ಉಳಿಯುತ್ತದೆ.

ಔಷಧದ ಪೆಟ್ಟಿಗೆಯಲ್ಲಿ ಈ ಆಯ್ಕೆಗಳೆಲ್ಲ ಇನ್ನಷ್ಟು ಗಂಭೀರವಾಗುತ್ತವೆ. ಅಲ್ಲಿ ಮಾತ್ರೆಯ ಪಟ್ಟಿಯ ಜೊತೆಗೆ ಮಡಿಸಿದ ಸೂಚನಾಪತ್ರವೂ ಒಳಗೆ ಹೋಗಬೇಕು. ಸಾಬೂನಿನ ಪೆಟ್ಟಿಗೆ ಖಾಲಿ ಬಂದರೆ ಗಿರಾಕಿಗೆ ಸಿಟ್ಟು ಬಂದೀತು, ಅಷ್ಟೆ. ಔಷಧದಲ್ಲಿ ಬೇರೊಂದರ ಸೂಚನಾಪತ್ರ ಸೇರಿಕೊಂಡರೆ ರೋಗಿ ತಪ್ಪು ಪ್ರಮಾಣವನ್ನು ನುಂಗಬಹುದು. ಆದ್ದರಿಂದ ಅಂತಹ ಯಂತ್ರಗಳು ಪ್ರತಿಯೊಂದು ಪತ್ರದ ಮೇಲಿನ ಪಟ್ಟೆಗಳ ಸಂಕೇತವನ್ನು ಓದಿ, ಹೊಂದದಿದ್ದರೆ ಪೆಟ್ಟಿಗೆಯನ್ನು ಹೊರಕ್ಕೆ ತಳ್ಳುತ್ತವೆ. ಯುರೋಪಿನ ಒಕ್ಕೂಟದಲ್ಲಿ ೨೦೧೯ರ ಫೆಬ್ರವರಿಯಿಂದ ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಗಳ ಪೆಟ್ಟಿಗೆಗೆ, ತೆರೆದದ್ದು ಗೊತ್ತಾಗುವಂತಹ ಮುದ್ರೆ ಸಾಮಾನ್ಯವಾಗಿ ಕಡ್ಡಾಯ. ನಮ್ಮ ದೇಶದಲ್ಲಿ ೨೦೨೩ರ ಆಗಸ್ಟಿನಿಂದ ೩೦೦ ಪ್ರಮುಖ ಔಷಧಗಳ ಹೊದಿಕೆಯ ಮೇಲೆ ಓದಬಲ್ಲ ಸಂಕೇತವಿರಬೇಕೆಂದು ನಿಯಮವಾಗಿದೆ. ಅಂತಹ ಕಾರ್ಖಾನೆಗೆ ಯಂತ್ರ ಕೊಳ್ಳುವಾಗ ಅಚ್ಚಿಗೂ ಪರೀಕ್ಷೆಗೂ ಬೇಕಾದ ಜಾಗವನ್ನು ಮೊದಲೇ ಕೇಳಿ ಪಡೆಯಬೇಕು.

ಎಲ್ಲ ಸಾಬೂನೂ ಯಂತ್ರಕ್ಕೆ ಹೋಗಬೇಕಾಗಿಲ್ಲ. ಹಬ್ಬಕ್ಕೆಂದು ಮೂರು ಬಗೆಯ ಸಾಬೂನುಗಳನ್ನು ಸೇರಿಸಿ ಕೆಲವು ಸಾವಿರ ಉಡುಗೊರೆ ಪೆಟ್ಟಿಗೆಗಳನ್ನು ಮಾಡುವುದಾದರೆ, ಯಂತ್ರದ ಅಳತೆ ಬದಲಿಸಿ ಸರಿಪಡಿಸುವಷ್ಟರಲ್ಲಿ ನುರಿತ ಕೈಗಳು ಅರ್ಧ ಕೆಲಸ ಮುಗಿಸಿರುತ್ತವೆ. ಪೆಟ್ಟಿಗೆಯನ್ನು ಯಂತ್ರ ನಿಲ್ಲಿಸಿಕೊಟ್ಟು, ಸರಕನ್ನು ಕೈಯಿಂದಿಟ್ಟು, ಮುಚ್ಚುವುದನ್ನು ಮತ್ತೆ ಯಂತ್ರಕ್ಕೆ ಬಿಡುವ ನಡುವಿನ ದಾರಿಯೂ ಉಂಟು. ಆ ಹದಿನಾರು ಜನರಲ್ಲಿ ಯಾರು ಯಂತ್ರದ ಬಳಿ ನಿಲ್ಲುತ್ತಾರೆ, ಯಾರು ಉಡುಗೊರೆ ಪೆಟ್ಟಿಗೆಗೆ, ಯಾರು ರಟ್ಟಿನ ತಪಾಸಣೆಗೆ ಎಂಬುದನ್ನು ಯಂತ್ರ ಬರುವ ಮೊದಲೇ ಬರೆದಿಡದ ಕಾರ್ಖಾನೆ ಅರ್ಧ ಲೆಕ್ಕ ಮಾತ್ರ ಮಾಡಿದಂತೆ. ಯಾವ ಪೆಟ್ಟಿಗೆ ತೊಂದರೆ ಕೊಡುತ್ತದೆಂದು ಮೊದಲು ಹೇಳಬಲ್ಲವರೂ ಅವರೇ.

ಕಡೆಯದಾಗಿ ಪರೀಕ್ಷೆ. ಮಾರುವವರು ತಮ್ಮ ಕಾರ್ಖಾನೆಯಲ್ಲಿ ಯಂತ್ರವನ್ನು ಹತ್ತು ನಿಮಿಷ ನಡೆಸಿ ತೋರಿಸುತ್ತಾರೆ, ೭೫೦ ಪೆಟ್ಟಿಗೆಗಳು ಒಂದೂ ಕೆಡದೆ ಹೊರಬರುತ್ತವೆ, ನೋಡಿದವರು ತಲೆದೂಗುತ್ತಾರೆ. ಇದರಿಂದ ಸಿದ್ಧವಾದದ್ದೇನು? ಆ ಯಂತ್ರ ೨೫೦ಕ್ಕೆ ಒಂದರಂತೆ ಕೆಡಿಸುವ ಸ್ವಭಾವದ್ದೇ ಆಗಿದ್ದರೂ, ೭೫೦ ಪೆಟ್ಟಿಗೆ ಸತತವಾಗಿ ಸರಿಯಾಗಿ ಬರುವ ಸಂಭವ ೨೪೯/೨೫೦ ಎಂಬ ಭಿನ್ನರಾಶಿಯನ್ನು ೭೫೦ ಸಲ ಗುಣಿಸಿದಷ್ಟು, ಎಂದರೆ ಸುಮಾರು ಇಪ್ಪತ್ತರಲ್ಲಿ ಒಂದು. ಅಷ್ಟು ಅದೃಷ್ಟ ಯಾರಿಗಾದರೂ ಒದಗಬಹುದು. ೨೫೦ಕ್ಕೆ ಒಂದೆಂದರೆ ನಮ್ಮ ೪೦,೦೦೦ಕ್ಕೆ ದಿನಕ್ಕೆ ೧೬೦ ಸಲ ಯಂತ್ರ ನಿಲ್ಲುತ್ತದೆ! ೧೦,೦೦೦ಕ್ಕೆ ಒಂದಕ್ಕಿಂತ ಹೆಚ್ಚು ಕೆಡಿಸುವುದಿಲ್ಲವೆಂದು ಅದೇ ಮಟ್ಟದ ಭರವಸೆ ಬೇಕಾದರೆ, ಅದರ ಮೂರರಷ್ಟು, ಎಂದರೆ ೩೦,೦೦೦ ಪೆಟ್ಟಿಗೆಗಳು ಒಂದೂ ತಪ್ಪದೆ ಬರಬೇಕು. ನಿಮಿಷಕ್ಕೆ ೭೫ರಂತೆ ಅದಕ್ಕೆ ೪೦೦ ನಿಮಿಷ ಹಿಡಿಯುತ್ತದೆ, ಹೆಚ್ಚುಕಡಮೆ ಒಂದು ಪಾಳಿ. ಹಣ ಕೊಡುವ ಮುನ್ನ ಒಂದು ಪೂರ್ತಿ ಪಾಳಿ ಯಂತ್ರದ ಪಕ್ಕದಲ್ಲಿ ನಿಂತು ಎಣಿಸಬೇಕು. ಆ ೩೦,೦೦೦ ಪೆಟ್ಟಿಗೆಗಳನ್ನೂ ಸಾಬೂನುಗಳನ್ನೂ ಕೊಳ್ಳುವವರೇ ಕಳುಹಿಸಬೇಕು. ಪೆಟ್ಟಿಗೆಗಳನ್ನು ಅಚ್ಚಿನ ಮನೆಯಿಂದ ಆಗ ತಾನೇ ಬಂದ ಕಟ್ಟುಗಳಿಂದ ಆರಿಸದೆ, ತಮ್ಮ ಉಗ್ರಾಣದಲ್ಲಿ ಒಂದು ಮಳೆಗಾಲವನ್ನು ಕಳೆದ ಕಟ್ಟುಗಳಿಂದ ಆರಿಸಿ ಕಳುಹಿಸಬೇಕು.